ಜೇಬಿನ ಫೋನಿಗೆ ಕೇಳಿಸುವ ವೇಗ

‘ಬೈಕಿನ ಮೀಟರು 60 ಅನ್ನುವಾಗ ಮೊಬೈಲು 56 ಅನ್ನುತ್ತದೆ. ಯಾರನ್ನು ನಂಬಲಿ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಬಯಲು ರಸ್ತೆಯಾದರೆ ಮೊಬೈಲನ್ನೇ ನಂಬಿ. ಗಾಡಿಯ ಮೀಟರು ಚಕ್ರದ ಸುತ್ತುಗಳನ್ನು ಎಣಿಸುತ್ತದೆ. ಅದು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಕೂಡದು, ತುಸು ಹೆಚ್ಚಾದರೆ ಅಡ್ಡಿಯಿಲ್ಲ ಎಂಬುದು ನಿಯಮ; ಹಾಗಾಗಿ ತಯಾರಕರೇ ಸ್ವಲ್ಪ ಏರಿಸಿಟ್ಟಿರುತ್ತಾರೆ. ಟೈರು ಸವೆದಂತೆ ಈ ಬಡಾಯಿ ಇನ್ನೂ ಬೆಳೆಯುತ್ತದೆ.

ಅದೇ ಪತ್ರದಲ್ಲಿ ‘ಉಪಗ್ರಹ ಮೇಲಿನಿಂದ ನೋಡುತ್ತಿರುತ್ತದಲ್ಲ’ ಎಂದೂ ಇದೆ. ಇಲ್ಲ ಸ್ವಾಮಿ, ನೋಡುವುದಿಲ್ಲ! ಸುಮಾರು 20,200 ಕಿ.ಮೀ. ಎತ್ತರದ ಜಿಪಿಎಸ್ ಉಪಗ್ರಹಕ್ಕೆ ನಿಮ್ಮ ಬೈಕು ಇರುವುದೇ ಗೊತ್ತಿಲ್ಲ. ಹೊತ್ತು ಎಷ್ಟು, ತಾನು ಯಾವ ಪಥದಲ್ಲಿದ್ದೇನೆ ಎಂದು ಅದು ಸಾರುತ್ತ ಹೋಗುತ್ತದೆ. ಲೆಕ್ಕವೆಲ್ಲ ಫೋನಿನದು. ನಿಮ್ಮ ಸುಳಿವು ಯಾರಿಗಾದರೂ ಸಿಕ್ಕಿದ್ದರೆ ಚಾಡಿ ಹೇಳಿದ್ದೂ ಫೋನೇ.

ಎರಡು ಕ್ಷಣಗಳ ನಡುವೆ ಸಾಗಿದ ದೂರವನ್ನು ಕಾಲದಿಂದ ಭಾಗಿಸಿಯೇ ಅದು ವೇಗ ಹೇಳುತ್ತದೆಂದು ಬಹಳ ಜನ ತಿಳಿದಿದ್ದಾರೆ. ಹಾಗಿದ್ದರೆ ಸಿಗ್ನಲ್ಲಿನಲ್ಲಿ ನಿಂತ ಗಾಡಿಯೂ ಓಡುತ್ತಿತ್ತು. ಏಕೆಂದರೆ ಸ್ಥಾನದ ಅಂದಾಜು ಕೆಲವು ಮೀಟರು ಅತ್ತಿತ್ತ ಹೊಯ್ದಾಡುತ್ತಲೇ ಇರುತ್ತದೆ. ಫೋನಿನ ದಾರಿ ಬೇರೆ. ಹತ್ತಿರ ಬರುವ ರೈಲಿನ ಸಿಳ್ಳು ಕೀರಲಾಗಿದ್ದು, ದಾಟಿದೊಡನೆ ದಪ್ಪಗಾಗುತ್ತದಲ್ಲ, ಆ ಡಾಪ್ಲರ್ ಪರಿಣಾಮ ರೇಡಿಯೊ ಅಲೆಗೂ ಉಂಟು. ಜಿಪಿಎಸ್‌ನ ಮುಖ್ಯ ಅಲೆ ಸೆಕೆಂಡಿಗೆ 157 ಕೋಟಿ 54 ಲಕ್ಷ 20 ಸಾವಿರ ಸಲ ಕಂಪಿಸುತ್ತದೆ. ದಿಗಂತದಂಚಿನ ಉಪಗ್ರಹವೊಂದರ ಕಡೆಗೆ ನೀವು ನೇರವಾಗಿ ಗಂಟೆಗೆ 36 ಕಿ.ಮೀ. ವೇಗದಲ್ಲಿ ಹೊರಟರೆ ಅದಕ್ಕೆ ಸೇರುವುದು ಬರೀ 52 ಕಂಪನ! ಸೆಕೆಂಡಿಗೆ 3.9 ಕಿ.ಮೀ. ಧಾವಿಸುವ ಉಪಗ್ರಹವೋ ತಾನೇ ಸಾವಿರಗಟ್ಟಲೆ ಕಂಪನಗಳ ಏರುಪೇರು ತಂದಿಟ್ಟಿರುತ್ತದೆ. ಪಥ ತಿಳಿದಿರುವುದರಿಂದ ಫೋನು ಆ ಪಾಲನ್ನು ಕಳೆಯುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಲೆಕ್ಕ ತಾಳೆ ನೋಡಿ ತನ್ನ ಗಡಿಯಾರದ ತಪ್ಪನ್ನೂ ತೆಗೆಯುತ್ತದೆ. ಉಳಿದ ಆ ಚಿಲ್ಲರೆಯೇ ನಿಮ್ಮ ವೇಗ. ಜಾಗ ಹುಡುಕಿಕೊಡುವುದಕ್ಕಿಂತ ನನಗೆ ಇದೇ ದೊಡ್ಡ ಸೋಜಿಗ.

ಇಂಥ ವೇಗಗಳನ್ನು ಕೂಡಿಸಿ ಇಡೀ ರಸ್ತೆಯ ಸ್ಥಿತಿ ಅಳೆಯಲು 2008ರ ಫೆಬ್ರುವರಿ 8ರಂದು ಕ್ಯಾಲಿಫೋರ್ನಿಯಾದ ಹೆದ್ದಾರಿಯಲ್ಲಿ ನೂರು ಕಾರುಗಳಿಗೆ ನೋಕಿಯಾ ಫೋನು ಕೊಟ್ಟು ಓಡಿಸಿದ್ದರು. ನೂರು ಗಾಡಿಗಳಲ್ಲಿ ಎರಡು ಮೂರರ ಫೋನು ಮಾತಾಡಿದರೂ ಸಾಕೆಂದು ಕಂಡುಬಂತು. ಆದರೆ ಸರಾಸರಿ ತೆಗೆಯುವಾಗ ಎಚ್ಚರ ಬೇಕು. ಒಂದು ಕಿಲೋಮೀಟರು 60ರ ವೇಗದಲ್ಲಿ, ಮುಂದಿನದು 10ರಲ್ಲಿ ಸಾಗಿದರೆ ಸರಾಸರಿ 35 ಅಲ್ಲ. ಏಳು ನಿಮಿಷಕ್ಕೆ ಎರಡು ಕಿಲೋಮೀಟರು, ಅಂದರೆ ಸುಮಾರು 17.

ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಇನ್ನೊಂದು ತೊಡಕಿದೆ. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯಲ್ಲಿ ಹಾರುವ ಕಾರು, ಅದರಡಿ ನಿಂತ ಕಾರು ನಕ್ಷೆಯ ಒಂದೇ ಗೆರೆಯ ಮೇಲೆ ಬೀಳುತ್ತವೆ. ಎತ್ತರದ ಅಂದಾಜಿನಲ್ಲಿ ಜಿಪಿಎಸ್ ತುಸು ಹಿಂದೆ. ಆದ್ದರಿಂದ ಗಾಡಿ ರ‍್ಯಾಂಪ್ ಹತ್ತಿತೋ ಇಲ್ಲವೋ ಎಂಬ ಜಾಡು ಹಿಡಿದೇ ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ಬೇರ್ಪಡಿಸಬೇಕಾಗುತ್ತದೆ.