ಒಲೆ ಆರಿದ ಮೇಲಿನ ಘಮ

ಸಾರು ಇಳಿಸಿದ ಮೇಲೆ ಕೊತ್ತಂಬರಿ ಸೊಪ್ಪು ಉದುರಿಸುತ್ತೇವೆ. ಮೊದಲೇ ಹಾಕಿ ಕುದಿಸಿದರೆ ಘಮ ಹಬೆಯ ಜೊತೆ ಹೋಗಿಬಿಡುತ್ತದೆ. ಇಂಗ್ಲೆಂಡಿನ ಬಿಯರ್ ತಯಾರಕರೂ ಹಾಪ್ಸ್ ವಿಚಾರದಲ್ಲಿ ಕಂಡುಕೊಂಡದ್ದು ಇದನ್ನೇ. ಮೊಳಕೆ ಬಾರ್ಲಿಯ ಸಿಹಿ ರಸದಲ್ಲಿ ಹಾಪ್ಸ್ ಗಂಟೆಹೊತ್ತು ಕುದಿದರೆ ಕಹಿ ಬಿಡುತ್ತದೆ, ಪರಿಮಳ ಉಳಿಯುವುದಿಲ್ಲ. ಪರಿಮಳ ಬೇಕೆಂದರೆ ಹುದುಗಿ ತಣ್ಣಗಾದ ಬಿಯರಿಗೇ ಹಾಪ್ಸ್ ಹಾಕಬೇಕು. ಇದಕ್ಕೆ ಡ್ರೈ ಹಾಪಿಂಗ್ ಎಂದು ಹೆಸರು.

ಹಾಪ್ಸ್ ಎಂಬುದು ಒಂದು ಬಳ್ಳಿಯ ಹೆಣ್ಣು ಹೂಗೊಂಚಲು. ಒಣಗಿದ್ದೊಂದನ್ನು ಬಿಡಿಸಿದರೆ ಎಸಳುಗಳ ಬುಡದಲ್ಲಿ ಅರಿಶಿನದಂಥ ಪುಡಿ ಕಾಣುತ್ತದೆ. ಉಜ್ಜಿದರೆ ಬೆರಳಿಗೆ ಅಂಟುತ್ತದೆ. ಅದು ಲುಪುಲಿನ್. ಕಹಿಯೂ ಸುಗಂಧದ ಎಣ್ಣೆಯೂ ಇರುವುದು ಅದರಲ್ಲೇ. ಅಮೆರಿಕದಲ್ಲಿ 1972ರಲ್ಲಿ ಬಂದ ಕ್ಯಾಸ್ಕೇಡ್ ತಳಿಯದು ಚಕ್ಕೋತದ ಸಿಪ್ಪೆ ಸುಲಿದಾಗಿನ ವಾಸನೆ.

ಈ ಕಥೆಯಲ್ಲಿ ನಮ್ಮ ದೇಶಕ್ಕೂ ಪಾಲಿದೆ. ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿ ಭಾರತಕ್ಕೆ ಬರುತ್ತಿದ್ದ ಬಿಯರ್ ಕೆಡದಿರಲೆಂದು ಪೀಪಾಯಿಗೇ ಹಾಪ್ಸ್ ತುಂಬುತ್ತಿದ್ದರು. ಇಂಡಿಯಾ ಪೇಲ್ ಏಲ್ (ಐಪಿಎ) ಎಂಬ ಹೆಸರು ಆ ವ್ಯಾಪಾರದಿಂದ ಬಂದದ್ದು. ಮುಂದೆ ಈ ಕೆಲಸ ಮನೆಗಳಿಗೂ ಬಂತು. ಮನೆಯಲ್ಲಿ ಬಿಯರ್ ಮಾಡಲು ಬ್ರಿಟನ್ನಿನಲ್ಲಿ ಬೇಕಿದ್ದ ಪರವಾನಗಿ 1963ರಲ್ಲಿ ರದ್ದಾಯಿತು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಅಂಥದೇ ಮಸೂದೆಗೆ ಸಹಿ ಹಾಕಿದರು. ಅಲ್ಲಿಂದ ಈ ಕಸುಬು ಅಡುಗೆಮನೆಗಳಿಗೆ ಧೈರ್ಯವಾಗಿ ಕಾಲಿಟ್ಟಿತು.

ಮನೆಯ ಅಳತೆ ಇಷ್ಟು: ಇಪ್ಪತ್ತು ಲೀಟರ್ ಬಿಯರಿಗೆ 30ರಿಂದ 60 ಗ್ರಾಂ ಹಾಪ್ಸ್, ಮೂರರಿಂದ ಐದು ದಿನ. ಬಹಳ ದಿನ ಬಿಟ್ಟರೆ ಹಸಿ ಹುಲ್ಲಿನ ರುಚಿ ಹತ್ತುತ್ತದೆ. ಹಾಪ್ಸ್‌ನಲ್ಲಿರುವ ಕಿಣ್ವಗಳು ಉಳಿದ ಪಿಷ್ಟದ ತುಣುಕುಗಳನ್ನು ಸಕ್ಕರೆಯಾಗಿಸಿ, ಮಲಗಿದ್ದ ಯೀಸ್ಟನ್ನು ಮತ್ತೆ ಎಬ್ಬಿಸುವುದೂ ಉಂಟು. ಸಾಂದ್ರತೆ ಅಳೆಯುವ ಹೈಡ್ರೋಮೀಟರಿನ ಅಂಕಿ ಎರಡು ಮೂರು ದಿನ ಕದಲದೆ ನಿಲ್ಲುವ ಮೊದಲೇ ಬಾಟಲಿಗೆ ತುಂಬಿದರೆ ಗಾಜು ಸಿಡಿಯಬಹುದು.

ಕಷ್ಟವೇನೆಂದರೆ, ಘಮ ಕೊಡುವ ಹಾಪ್ಸ್ ತಿಳಿಯನ್ನು ಕದಡುತ್ತದೆ. ಅದರ ಒಗರಿನ ಅಂಶ ಬಾರ್ಲಿಯ ಪ್ರೋಟೀನಿಗೆ ಅಂಟಿ ಮಬ್ಬು ಕವಿಯುತ್ತದೆ. ಅಮೆರಿಕದ ವರ್ಮಾಂಟ್ ಕಡೆಯ ಹೊಸ ಐಪಿಎಗಳಲ್ಲಿ ಈ ಮಬ್ಬೇ ಬೇಕೆನ್ನುತ್ತಾರೆ. ನನಗೆ ಮಾತ್ರ ದೀಪಕ್ಕೆ ಹಿಡಿದರೆ ಆಚೆ ಬದಿ ಕಾಣುವ ಬಿಯರೇ ಚೆಂದ. ಮೊದಲು ಯೀಸ್ಟ್ ತಳ ಸೇರಬೇಕು, ಆಮೇಲೆ ಹಾಪ್ಸ್, ಕೊನೆಗೆ ಒಂದೆರಡು ಡಿಗ್ರಿಯ ತಣ್ಪಿನಲ್ಲಿ ಎರಡು ದಿನ. ಅಷ್ಟಕ್ಕೂ ತಿಳಿಯಾಗದಿದ್ದರೆ ಬಿಸಿನೀರಿನಲ್ಲಿ ಕರಗಿಸಿದ ಜೆಲಟಿನ್. ನಮ್ಮ ಹಳ್ಳಿಗಳಲ್ಲಿ ಚಿಲ್ಲದ ಬೀಜ ತೇದು ಬಗ್ಗಡದ ನೀರನ್ನು ತಿಳಿಗೊಳಿಸುತ್ತಿದ್ದ ಹಾಗೆ, ಇಂಗ್ಲೆಂಡಿನವರು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸಿದರು. ಸಸ್ಯಾಹಾರಿಗಳಿಗೆ ಐರಿಷ್ ಮಾಸ್ ಎಂಬ ಕಡಲ ಪಾಚಿ ಇದೆ. ಅದನ್ನು ಕುದಿಯ ಕೊನೆಯ ಹದಿನೈದು ನಿಮಿಷ ಇರುವಾಗ ಹಾಕಬೇಕು.

ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು ಅಬಕಾರಿ ಅಪರಾಧ. ಕಾನೂನು ಒಪ್ಪುವ ನಾಡುಗಳಲ್ಲಿದ್ದು ಈ ಕೆಲಸಕ್ಕೆ ಕೈಹಾಕುವ ಕನ್ನಡಿಗರಲ್ಲಿ ಒಂದು ವಿನಂತಿ: ಬಸಿದು ಉಳಿದ ಹಾಪ್ಸ್ ನಾಯಿಗಳಿಗೆ ವಿಷ. ಅವುಗಳಿಗೆ ಸಿಗದಂತೆ ಮುಚ್ಚಿ ಬಿಸಾಡಿ.