ಸಾವಿರ ಚಿತ್ರದ ನಗು, ಪ್ರಶಸ್ತಿ ಮಾತ್ರ ಕಣ್ಣೀರಿಗೆ

ತಮಿಳಿನ ಮನೋರಮಾ ಅವರ ಹೆಸರು ಗಿನ್ನೆಸ್ ದಾಖಲೆ ಸೇರಿದ್ದು ಒಂದು ಲೆಕ್ಕದ ಮೇಲೆ: 1985ರ ಹೊತ್ತಿಗೆ ಸಾವಿರ ಸಿನಿಮಾ. ಮೊದಲ ಚಿತ್ರ ‘ಮಾಲೈಯಿಟ್ಟ ಮಂಗೈ’ ತೆರೆಗೆ ಬಂದದ್ದು 1958ರಲ್ಲಿ. ಇಪ್ಪತ್ತೇಳು ವರ್ಷಕ್ಕೆ ಸಾವಿರ ಎಂದರೆ ವರ್ಷಕ್ಕೆ ಮೂವತ್ತೇಳು, ತಿಂಗಳಿಗೆ ಮೂರು. ಅದರಲ್ಲಿ ಬಹುಪಾಲು ಹಾಸ್ಯ ಪಾತ್ರಗಳೇ. ರಾಷ್ಟ್ರಪ್ರಶಸ್ತಿ ಅವರ ಕೈಗೆ ಸಿಕ್ಕಿದ್ದು ಮಾತ್ರ 1989ರ ಚಿತ್ರವೊಂದಕ್ಕೆ. ಅದೂ ನಗಿಸಿದ್ದಕ್ಕಲ್ಲ.

ಹುಟ್ಟಿದ್ದು 1937ರ ಮೇ 26ರಂದು, ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ. ಅಪ್ಪ ಅಮ್ಮ ಇಟ್ಟ ಹೆಸರು ಗೋಪಿಶಾಂತಾ. ಸಂಸಾರ ಮುರಿದು ತಾಯಿ ಮಗುವನ್ನು ಎತ್ತಿಕೊಂಡು ಕಾರೈಕುಡಿ ಹತ್ತಿರದ ಪಳ್ಳತ್ತೂರಿಗೆ ಬಂದು ಮನೆಗೆಲಸಕ್ಕೆ ನಿಂತರು. ಹುಡುಗಿ ಶಾಲೆ ಬಿಟ್ಟು ತಾನೂ ಮುಸುರೆ ತಿಕ್ಕಿದಳು, ನಂತರ ನಾಟಕಕ್ಕೆ ಸೇರಿದಳು. ‘ಮನೋರಮಾ’ ಎಂಬ ಹೆಸರು ಕೊಟ್ಟದ್ದು ರಂಗಭೂಮಿಯೇ. ದ್ರಾವಿಡ ಚಳವಳಿ ನಾಟಕದ ಮೂಲಕ ಊರೂರು ಮುಟ್ಟುತ್ತಿದ್ದ ಕಾಲ ಅದು. ಅಣ್ಣಾದುರೈ ಮತ್ತು ಕರುಣಾನಿಧಿ ಅವರ ಜೊತೆ ಮನೋರಮಾ ರಂಗದ ಮೇಲೆ ಬಣ್ಣ ಹಚ್ಚಿದರು. ಮುಂದೆ ಸಿನಿಮಾದಲ್ಲಿ ಎಂ.ಜಿ.ಆರ್., ಜಯಲಲಿತಾ, ಆಂಧ್ರದ ಎನ್.ಟಿ. ರಾಮರಾವ್. ಒಟ್ಟು ಐವರು ಮುಖ್ಯಮಂತ್ರಿಗಳ ಜೊತೆ ನಟಿಸಿದ ಕಲಾವಿದೆ ಎನ್ನುವುದು ಪ್ರಶಸ್ತಿ ಪಟ್ಟಿಗೆ ಸೇರುವ ಸಂಗತಿಯಲ್ಲ. ಆದರೂ ಅವರ ಬಗ್ಗೆ ಬರೆಯುವವರು ಯಾರೂ ಇದನ್ನು ಬಿಡುವುದಿಲ್ಲ, ನಾನೂ ಬಿಡಲಾರೆ.

ಸಿನಿಮಾಕ್ಕೆ ಕರೆತಂದವರು ಕವಿ ಕಣ್ಣದಾಸನ್. ತಾವೇ ನಿರ್ಮಿಸಿದ ಚಿತ್ರದಲ್ಲಿ ಹಾಸ್ಯ ಪಾತ್ರ ಕೊಟ್ಟಾಗ ಇಪ್ಪತ್ತೊಂದರ ಹುಡುಗಿಗೆ ಮನಸ್ಸಿರಲಿಲ್ಲ. ನಾಯಕಿಯಾದರೆ ನಾಲ್ಕೈದು ವರ್ಷದ ಬಾಳು, ಹಾಸ್ಯ ನಟಿಯಾದರೆ ಬಹುಕಾಲ ಉಳಿಯುತ್ತೀಯ ಎಂದು ಕವಿ ಸಮಾಧಾನ ಹೇಳಿದ್ದನ್ನು ಮನೋರಮಾ ಮುಂದೆ ಹಲವು ಸಲ ನೆನೆಸಿಕೊಂಡಿದ್ದರು. ಸೇಲಂನ ಮಾಡರ್ನ್ ಥಿಯೇಟರ್ಸ್ 1963ರಲ್ಲಿ ‘ಕೊಂಜುಂ ಕುಮರಿ’ಯಲ್ಲಿ ಅವರನ್ನು ನಾಯಕಿ ಮಾಡಿಯೂ ನೋಡಿತು. ಆದರೆ ಜನ ಅವರನ್ನು ಒಪ್ಪಿಕೊಂಡದ್ದು ನಾಗೇಶ್ ಪಕ್ಕದಲ್ಲಿ, ಚೋ ಪಕ್ಕದಲ್ಲಿ, ತೆಂಗಾಯ್ ಶ್ರೀನಿವಾಸನ್ ಪಕ್ಕದಲ್ಲಿ. ಕಣ್ಣದಾಸನ್ ಹೇಳಿದಂತೆ ಅವರು ಉಳಿದರು. ಪ್ರಶಸ್ತಿಯ ಮಾತನ್ನು ಕವಿ ಎತ್ತಿರಲಿಲ್ಲ.

ತಿಂಗಳಿಗೆ ಮೂರು ಚಿತ್ರ ಹೇಗೆ ಸಾಧ್ಯವಾಯಿತು? ಉತ್ತರ ಕೋಡಂಬಾಕ್ಕಂ ಸ್ಟುಡಿಯೋಗಳ ಕೆಲಸದ ಪದ್ಧತಿಯಲ್ಲೇ ಇದೆ. ಎನ್.ಎಸ್. ಕೃಷ್ಣನ್ ಮತ್ತು ಟಿ.ಎ. ಮಧುರಂ ಜೋಡಿಯ ಕಾಲದಿಂದಲೂ ತಮಿಳು ಚಿತ್ರಗಳಲ್ಲಿ ‘ಕಾಮಿಡಿ ಟ್ರ್ಯಾಕ್’ ಎನ್ನುವುದು ಬೇರೆಯೇ ಒಂದು ಅಂಗಡಿ. ಅದನ್ನು ಬರೆಯುವವರು ಬೇರೆ, ಚಿತ್ರೀಕರಣದ ದಿನಗಳು ಬೇರೆ. ನಾಯಕ ನಾಯಕಿಯ ಕಾಲ್‌ಶೀಟಿನ ಗೊಡವೆಯಿಲ್ಲದೆ ಕೆಲವೇ ದಿನಗಳಲ್ಲಿ ಹಾಸ್ಯ ದೃಶ್ಯಗಳನ್ನೆಲ್ಲ ಮುಗಿಸಿ, ಬೇಕಾದ ಕಡೆ ಕತ್ತರಿಸಿ ಅಂಟಿಸುತ್ತಿದ್ದರು. ಕಲಾವಿದೆ ಒಂದು ಸೆಟ್ಟಿನಲ್ಲಿ ಬಣ್ಣ ಒರೆಸಿಕೊಂಡು ಇನ್ನೊಂದಕ್ಕೆ ಓಡುತ್ತಿದ್ದಳು. ಕನ್ನಡದಲ್ಲೂ ನರಸಿಂಹರಾಜು, ಎಂ.ಎನ್. ಲಕ್ಷ್ಮೀದೇವಿ ಅವರ ಎಷ್ಟೋ ದೃಶ್ಯಗಳು ಹೀಗೆ ಮೂಲ ಕತೆಯ ಪಕ್ಕದಲ್ಲೇ ನಡೆದುಹೋಗುತ್ತವೆ.

ಮನೋರಮಾಗೆ ಸಾವಿರ ಚಿತ್ರ ಕೊಟ್ಟದ್ದು ಇದೇ ಪದ್ಧತಿ, ಪ್ರಶಸ್ತಿ ತಪ್ಪಿಸಿದ್ದೂ ಇದೇ. ಕತೆಯಿಂದ ಬಿಡಿಸಿ ತೆಗೆದರೂ ಚಿತ್ರಕ್ಕೆ ಏನೂ ಆಗುವುದಿಲ್ಲ ಎಂಬಂತೆ ಕಟ್ಟಿದ ದೃಶ್ಯವನ್ನು ತೀರ್ಪುಗಾರರು ಅಭಿನಯವೆಂದು ಲೆಕ್ಕಕ್ಕೆ ಹಿಡಿಯುವುದಾದರೂ ಹೇಗೆ? ರಾಷ್ಟ್ರಪ್ರಶಸ್ತಿಯಲ್ಲಿ ನಟ ನಟಿಯರಿಗೆ ಮನ್ನಣೆ ಶುರುವಾದದ್ದೇ 1967ರ ಚಿತ್ರಗಳಿಂದ. ಪೋಷಕ ಪಾತ್ರಗಳಿಗೆ ಬೇರೆ ಪ್ರಶಸ್ತಿ ಬಂದದ್ದು 1984ರ ಚಿತ್ರಗಳಿಂದ. ಅಂದರೆ ಮನೋರಮಾ ಸಿನಿಮಾಕ್ಕೆ ಬಂದು 26 ವರ್ಷಗಳ ತನಕ ಅವರ ಹೆಸರು ಬರೆಯಲು ಆ ಪಟ್ಟಿಯಲ್ಲಿ ಒಂದು ಖಾನೆಯೇ ಇರಲಿಲ್ಲ. ಹಾಸ್ಯಕ್ಕೆಂದು ಖಾನೆ ಇವತ್ತಿಗೂ ಇಲ್ಲ.

ಕತೆಯೊಳಗೆ ಬೇರುಬಿಟ್ಟ ಹಾಸ್ಯ ಪಾತ್ರ ಸಿಕ್ಕಾಗ ಅವರು ಏನು ಮಾಡಬಲ್ಲರು ಎಂಬುದಕ್ಕೆ 1968ರ ‘ತಿಲ್ಲಾನಾ ಮೋಹನಾಂಬಾಳ್’ ನೋಡಬೇಕು. ನಾದಸ್ವರ ವಿದ್ವಾಂಸನಾಗಿ ಶಿವಾಜಿ ಗಣೇಶನ್, ನರ್ತಕಿಯಾಗಿ ಪದ್ಮಿನಿ. ಇಬ್ಬರೂ ಕಲೆಯ ಜಂಬದಲ್ಲಿ ಹೆಡೆಯೆತ್ತಿ ನಿಂತಿರುವಾಗ ನಡುವೆ ಬರುತ್ತಾಳೆ ನಾಟಕದ ಜಿಲ್ ಜಿಲ್ ರಮಾಮಣಿ. ಎಳೆದೆಳೆದು ಆಡುವ ಮಾತು, ರಂಗದ ಮೇಲಿಂದ ಇಳಿದರೂ ಇಳಿಯದ ಬಿನ್ನಾಣ. ಮೊದಲ ಐದು ನಿಮಿಷ ನಾವು ಅವಳನ್ನು ನೋಡಿ ನಗುತ್ತೇವೆ. ಆಮೇಲೆ ಇಡೀ ಚಿತ್ರದಲ್ಲಿ ಜಂಬವಿಲ್ಲದೆ ಇನ್ನೊಬ್ಬರ ಕಲೆಯನ್ನು ಮೆಚ್ಚುವ ಮನಸ್ಸು ಇವಳಿಗೇ ಹೆಚ್ಚಾಗಿರುವುದು ಎಂದು ಹೊಳೆಯುತ್ತದೆ. ತಮಿಳುನಾಡು ಸರ್ಕಾರ ಈ ಪಾತ್ರಕ್ಕೆ ಅತ್ಯುತ್ತಮ ಗುಣಚಿತ್ರ ನಟಿ ಎಂದು ಪ್ರಶಸ್ತಿ ಕೊಟ್ಟಿತು. ಗುಣಚಿತ್ರ ನಟಿ, ಹಾಸ್ಯ ನಟಿ ಅಲ್ಲ! ಗೌರವ ಕೊಡುವಾಗ ಹಾಸ್ಯವನ್ನು ಮರೆಮಾಡುವ ಚಾಳಿ ಆಗಲೇ ಶುರುವಾಗಿತ್ತು.

ಅವರ ಕಸಬಿನ ಅರ್ಧ ಭಾಗ ಕಿವಿಯಲ್ಲಿತ್ತು. ಮದ್ರಾಸಿನ ಕೊಳೆಗೇರಿಯ ಆಡುಮಾತು, ಚೆಟ್ಟಿನಾಡಿನ ಮಾತು, ಕೊಯಮತ್ತೂರು ಕಡೆಯ ಕೊಂಗು ತಮಿಳು, ಅಗ್ರಹಾರದ ಮಾತು, ಯಾವುದಕ್ಕೂ ಅವರ ನಾಲಿಗೆ ಹೊರಳುತ್ತಿತ್ತು. ‘ಬೊಮ್ಮಲಾಟ್ಟಂ’ ಚಿತ್ರದಲ್ಲಿ ಮದ್ರಾಸಿನ ಬೀದಿಮಾತಿನ ಹಾಡೊಂದನ್ನು ತಾವೇ ಹಾಡಿ ಮನೆಮಾತು ಮಾಡಿದರು. ವಿಸು ನಿರ್ದೇಶನದ ‘ಸಂಸಾರಂ ಅದು ಮಿನ್ಸಾರಂ’ (1986) ಚಿತ್ರದ ಮನೆಗೆಲಸದ ಕಣ್ಣಮ್ಮನನ್ನು ಹತ್ತಿರದಿಂದ ಗಮನಿಸಿ. ಮನೆ ಮಗಳ ಜಗಳಗಂಟ ಮಾವನಿಗೆ ಮದ್ರಾಸು ಮಾತಿನಲ್ಲಿ ಮುಖಕ್ಕೆ ಹೊಡೆದಂತೆ ಬೈಯುತ್ತಾಳೆ. ನಡುನಡುವೆ ತನ್ನ ಹೆಸರನ್ನೇ ಕರೆದುಕೊಂಡು, ಸುಮ್ಮನಿರು ಎಂದು ತನಗೆ ತಾನೇ ಗದರಿಕೊಳ್ಳುತ್ತಾಳೆ. ಒಂದು ಗುಕ್ಕು ಬೈಗುಳ, ಒಂದು ತಡೆ, ಮತ್ತೆ ಇನ್ನೂ ಖಾರವಾದ ಬೈಗುಳ. ಆ ತಡೆಯ ಹೊತ್ತು ಕೂದಲೆಳೆಯಷ್ಟು ಹೆಚ್ಚಾದರೂ ನಗು ಸತ್ತುಹೋಗುತ್ತದೆ. ಮನೆಗೆಲಸ ಮಾಡಿ ಬೆಳೆದವರಿಗೆ ಆ ಹೆಂಗಸಿನ ಸಿಟ್ಟೂ ಗೊತ್ತು, ಅದನ್ನು ನುಂಗುವ ಬಗೆಯೂ ಗೊತ್ತು. ಆ ವರ್ಷ ಅತ್ಯುತ್ತಮ ಜನಪ್ರಿಯ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದದ್ದು ಸಿನಿಮಾಕ್ಕೆ.

ಮನೋರಮಾ ಅವರ ಸರದಿ ಬಂದದ್ದು ಪಾರ್ತಿಬನ್ ಮೊದಲ ಬಾರಿ ನಿರ್ದೇಶಿಸಿದ ‘ಪುದಿಯ ಪಾದೈ’ಯಲ್ಲಿ. ಬೀದಿಯಲ್ಲಿ ಬೆಳೆದ ಪುಂಡನೊಬ್ಬನ ಕತೆಯಲ್ಲಿ ತಾಯಿಯ ಹಾಗೆ ನಿಲ್ಲುವ ಪಾತ್ರಕ್ಕೆ ಅತ್ಯುತ್ತಮ ಪೋಷಕ ನಟಿ ಪ್ರಶಸ್ತಿ. ಅಭಿನಯ ಚೆನ್ನಾಗಿದೆ, ಅನುಮಾನವಿಲ್ಲ. ಆದರೆ ಅಂಥ ತಾಯಂದಿರು ತಮಿಳಿನಲ್ಲಿ ಬೇಕಾದಷ್ಟು ಜನ ಇದ್ದರು. ನನ್ನನ್ನು ಕೇಳಿದರೆ ಪ್ರಶಸ್ತಿ ಸಲ್ಲಬೇಕಿದ್ದದ್ದು ಮರುವರ್ಷದ ‘ನಡಿಗನ್’ಗೆ. ಕನ್ನಡಿಗರಿಗೆ ‘ಆಪ್ತಮಿತ್ರ’ದಿಂದ ಪರಿಚಿತರಾದ ಪಿ. ವಾಸು ಅದರ ನಿರ್ದೇಶಕ. ಮುದುಕನ ವೇಷ ಹಾಕಿಕೊಂಡು ಮನೆ ಸೇರಿದ ಹುಡುಗನನ್ನು (ಸತ್ಯರಾಜ್) ನಿಜವಾದ ಹಿರಿಯನೆಂದೇ ನಂಬಿ, ಮದುವೆಯಾಗದೆ ಉಳಿದ ಬೇಬಿ ಅಮ್ಮ ನಾಚಿ ಪ್ರೀತಿಸುತ್ತಾಳೆ. ವಯಸ್ಸಾದ ಹೆಣ್ಣಿನ ಆಸೆಯನ್ನು ಗೇಲಿ ಮಾಡಲು ಎಲ್ಲ ಅವಕಾಶ ಇದ್ದ ಪಾತ್ರ. ಮನೋರಮಾ ಒಂದು ಕ್ಷಣವೂ ಅವಳನ್ನು ಬಿಟ್ಟುಕೊಡುವುದಿಲ್ಲ. ಆ ವರ್ಷ ಪೋಷಕ ನಟಿ ಪ್ರಶಸ್ತಿ ಮಲಯಾಳದ ‘ಅಮರಂ’ ಚಿತ್ರಕ್ಕಾಗಿ ಕೆ.ಪಿ.ಎ.ಸಿ. ಲಲಿತಾ ಅವರಿಗೆ ಹೋಯಿತು. ವಿಚಿತ್ರವೆಂದರೆ ಅವರೂ ಮಲಯಾಳಿಗಳನ್ನು ದಶಕಗಳ ಕಾಲ ನಗಿಸಿದವರು, ಅವರಿಗೂ ಪ್ರಶಸ್ತಿ ಬಂದದ್ದು ಗಂಭೀರ ಪಾತ್ರಕ್ಕೆ.

ಆಮೇಲಿನ ಗೌರವಗಳು ಸಾಲಾಗಿ ಬಂದವು. 1995ರಲ್ಲಿ ಫಿಲಂಫೇರ್ ದಕ್ಷಿಣದ ಜೀವಮಾನ ಸಾಧನೆ, 2002ರಲ್ಲಿ ಪದ್ಮಶ್ರೀ. ತಮಿಳುನಾಡಿನ ಕಲೈಮಾಮಣಿ ಬಿರುದೂ ಅವರದಾಗಿತ್ತು. ಜನ ಪ್ರೀತಿಯಿಂದ ‘ಆಚ್ಚಿ’ ಎಂದರು. ಇವೆಲ್ಲ ಇಡೀ ಬದುಕಿಗೆ ಕೊಟ್ಟ ಮರ್ಯಾದೆಗಳು, ಯಾವ ಒಂದು ನಗುವನ್ನೂ ಬೊಟ್ಟುಮಾಡಿ ತೋರಿಸಿದವಲ್ಲ. 2015ರ ಅಕ್ಟೋಬರ್ 10ರಂದು ಚೆನ್ನೈನಲ್ಲಿ ತೀರಿಕೊಂಡಾಗ ಅವರಿಗೆ 78 ವರ್ಷ.

ನಮ್ಮಲ್ಲಿ ಇದೇ ಹಾದಿ ತುಳಿದವರು ಉಮಾಶ್ರೀ. ಕಾಶಿನಾಥ್ ಅವರ ‘ಅನುಭವ’ದಿಂದ ಶುರುವಾಗಿ ಎಷ್ಟೋ ವರ್ಷ ದ್ವಂದ್ವಾರ್ಥದ ಸಂಭಾಷಣೆಯ ಪಾತ್ರಗಳಲ್ಲೇ ಸಿನಿಮಾ ಅವರನ್ನು ದುಡಿಸಿತು. ರಂಗಭೂಮಿಗೆ ಅವರು ಬೇರೆಯೇ ಗೊತ್ತಿದ್ದರು. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನಾಗಿ ಕಳೆದುಹೋದ ಹುಂಜವನ್ನು ಹುಡುಕುತ್ತಾ ನಗುವನ್ನೂ ಸಂಕಟವನ್ನೂ ಒಂದೇ ಉಸಿರಿನಲ್ಲಿ ತಂದವರು ಅವರು. ಗಿರೀಶ ಕಾಸರವಳ್ಳಿ, ವೈದೇಹಿಯವರ ಕತೆ ಆಧರಿಸಿದ ‘ಗುಲಾಬಿ ಟಾಕೀಸ್’ನಲ್ಲಿ ಕರಾವಳಿಯ ಸೂಲಗಿತ್ತಿಯ ಪಾತ್ರ ಕೊಟ್ಟ ಮೇಲೆ 55ನೇ ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ನಟಿ ಎನಿಸಿದರು. ಮುಂದೆ 2013ರಲ್ಲಿ ಕನ್ನಡ ಮತ್ತು ಸಂಸ್ಕೃತಿ ಸಚಿವೆಯಾದರು, ಪ್ರಶಸ್ತಿ ಪಡೆದವರು ಪ್ರಶಸ್ತಿ ಕೊಡುವ ಜಾಗದಲ್ಲಿ ಕೂತರು.

ಅಮೆರಿಕದಲ್ಲಿ ಗೋಲ್ಡನ್ ಗ್ಲೋಬ್‌ನವರು ಹಾಸ್ಯ ಮತ್ತು ಸಂಗೀತಪ್ರಧಾನ ಚಿತ್ರಗಳ ನಟಿಯರಿಗೆ ಬೇರೆಯೇ ಪ್ರಶಸ್ತಿ ಇಟ್ಟಿದ್ದಾರೆ. ಕಿರುತೆರೆಯ ಜೀವಮಾನ ಸಾಧನೆಗೆ ಕೊಡುವ ಪ್ರಶಸ್ತಿಗೆ ಹಾಸ್ಯ ಕಲಾವಿದೆ ಕರೋಲ್ ಬರ್ನೆಟ್ ಹೆಸರನ್ನೇ ಇಟ್ಟರು, 2019ರಲ್ಲಿ ಮೊದಲು ಪಡೆದವರೂ ಅವರೇ. ಅಷ್ಟು ದೂರ ಹೋಗುವುದೂ ಬೇಡ. ಇತ್ತೀಚಿನ ತಮಿಳುನಾಡು ರಾಜ್ಯ ಪ್ರಶಸ್ತಿಗಳಲ್ಲಿ ಹಾಸ್ಯ ನಟಿಗೂ ಜಾಗವಿದೆ. ರಾಷ್ಟ್ರಪ್ರಶಸ್ತಿಯ ನಿಯಮ ಬರೆಯುವವರು ಅಲ್ಲಿಂದ ಒಂದು ಸಾಲು ಎತ್ತಿಕೊಂಡರೆ ಸಾಕು, ಅದಕ್ಕೆ ಮನೋರಮಾ ಅವರ ಹೆಸರನ್ನೂ ಇಡಬಹುದು. ಅಲ್ಲಿಯ ತನಕ ಓದುಗರು ಒಂದು ಭಾನುವಾರ ‘ನಡಿಗನ್’ ಹಾಕಿಕೊಂಡು ನೋಡಿ. ತಮಿಳು ಅರ್ಧಂಬರ್ಧ ಬಂದರೂ ಸಾಕು.