ಕುರ್ಚಿ ಬೇಡವೆಂದ ಭಂಡಾರಿ

ರಾಜ್ಯದ ಯಾವ ಸರ್ಕಾರಿ ಕಚೇರಿಗೆ ಹೋದರೂ ಈಗ ಗೋಡೆಯ ಮೇಲೆ ಬಸವಣ್ಣನವರ ಭಾವಚಿತ್ರ ಕಣ್ಣಿಗೆ ಬೀಳುತ್ತದೆ. 2024ರ ಜನವರಿಯಲ್ಲಿ ಸಚಿವ ಸಂಪುಟ ಅವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದ ಮೇಲೆ ಬಂದ ಬದಲಾವಣೆ ಇದು. ಕೆಳಗೆ ಸಾಹೇಬರ ಕುರ್ಚಿ, ಮೇಲೆ ಬಸವಣ್ಣ. ಎದುರಿಗೆ ಅರ್ಜಿ ಹಿಡಿದು ನಿಂತ ನಾವು ನೀವು. ಆ ಚಿತ್ರದಲ್ಲಿರುವವರೂ ಒಂದು ಕಾಲಕ್ಕೆ ಸರ್ಕಾರಿ ಕೆಲಸ ಮಾಡಿದವರೇ, ಅದೂ ಮನಸ್ಸಿಲ್ಲದ ಮನಸ್ಸಿನಿಂದ ಸೇರಿದವರು ಎಂಬುದು ಮಾತ್ರ ಎಷ್ಟೋ ಜನಕ್ಕೆ ನೆನಪಾಗುವುದಿಲ್ಲ.

ನಮ್ಮದು ಹುಮನಾಬಾದ್. ಬಸವಕಲ್ಯಾಣ ನಮಗೆ ಪಕ್ಕದ ಊರು. ಹೆದ್ದಾರಿ ಹಿಡಿದು ಸಸ್ತಾಪುರ ಬಂಗ್ಲಾಕ್ಕೆ ಹೋಗಿ ಒಳಕ್ಕೆ ತಿರುಗಿದರೆ ಆಯಿತು. ಕೋಟೆ, ತ್ರಿಪುರಾಂತಕ ಕೆರೆ, ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ ಎಲ್ಲ ಚಿಕ್ಕಂದಿನಿಂದ ನೋಡಿದ್ದೇ. 2012ರಲ್ಲಿ 108 ಅಡಿಯ ಬಸವಣ್ಣನ ಮೂರ್ತಿ ಎದ್ದು ನಿಂತ ಮೇಲೆ ದೂರದೂರದ ಜನರೂ ಬರುತ್ತಾರೆ. ಎಲ್ಲರೂ ಕೇಳುವುದು ಅನುಭವ ಮಂಟಪದ ಕಥೆ. ಬಸವಣ್ಣ ನೌಕರಿಗೆ ಸೇರಿದ ಮೊದಲ ದಿನಗಳ ಕಥೆಯನ್ನು ಯಾರೂ ಕೇಳುವುದಿಲ್ಲ. ನನಗೂ ಅದರ ಕಡೆ ಗಮನ ಹೋದದ್ದು ಮನೆಯೊಳಗಿನ ಒಂದು ಕಾರಣದಿಂದ.

ಅಣ್ಣನ ಮಗಳು ಗೆಜೆಟೆಡ್ ಅಧಿಕಾರಿಯಾಗಿ ಆಯ್ಕೆಯಾದಳು. ನಮ್ಮ ಭಾಗದಲ್ಲಿ ನೌಕರಿ ಅಂದರೆ ಸಣ್ಣ ಮಾತಲ್ಲ. 371(ಜೆ) ಬಂದ ಮೇಲೆ, ಅಂದರೆ 2013ರಿಂದ ಈಚೆಗೆ, ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಹುದ್ದೆಗಳಲ್ಲಿ ಪಾಲು ಸಿಗತೊಡಗಿದೆ. ಒಬ್ಬಳು ಪಾಸಾದರೆ ಇಡೀ ಓಣಿಗೆ ಪೇಢೆ. ಅವಳು ಮಾತ್ರ ಆದೇಶ ಪತ್ರ ಕೈಯಲ್ಲಿ ಹಿಡಿದು ಮಂಕಾಗಿ ಕೂತಿದ್ದಳು.

"ಅತ್ತಿ, ಖರೇ ಹೇಳ್ಬೇಕಂದ್ರ ನನಗ ಆ ಕುರ್ಚಿ ಬ್ಯಾಡ ಅನಸ್ತದ. ಓದೋದು ಇಷ್ಟ ಇತ್ತು, ಪಾಸಾಗೋದೂ ಇಷ್ಟ ಇತ್ತು. ಮುಂದಿಂದು ವಿಚಾರ ಮಾಡಿದ್ದೇ ಇಲ್ಲ" ಅಂದಳು. ಅದಕ್ಕೆ ಉತ್ತರ ಹುಡುಕಲು ಹೋಗಿ ನಾನು ಮತ್ತೆ ಬಸವಣ್ಣನ ಕಥೆ ತೆಗೆದೆ.

ಕನಸಿನಲ್ಲಿ ಬಂದ ಆದೇಶ

ಬಸವಣ್ಣನ ಬಾಳನ್ನು ಮೊದಲು ವಿಸ್ತಾರವಾಗಿ ಬರೆದವನು ಹರಿಹರ, 'ಬಸವರಾಜದೇವರ ರಗಳೆ'ಯಲ್ಲಿ. ಅವನು ಬಸವಣ್ಣನಿಂದ ಬಹಳ ದೂರದ ಕಾಲದವನಲ್ಲ. ಅವನು ಹೇಳುವಂತೆ, ಬಾಗೇವಾಡಿ ಬಿಟ್ಟು ಬಂದ ತರುಣ ಬಸವ ಕೂಡಲಸಂಗಮದಲ್ಲಿ ನೆಮ್ಮದಿಯಾಗಿದ್ದ. ಕೃಷ್ಣೆ ಮಲಪ್ರಭೆಯರು ಕೂಡುವ ಜಾಗ, ಪೂಜೆ, ಪತ್ರೆ, ಹೂವು. ಅಷ್ಟೇ ಅವನ ಲೋಕ. ಒಂದು ರಾತ್ರಿ ಸಂಗಮನಾಥ ಕನಸಿನಲ್ಲಿ ಬಂದು, ಬಿಜ್ಜಳರಾಜನಿರುವ ಮಂಗಳವಾಡಕ್ಕೆ ಹೋಗು ಎನ್ನುತ್ತಾನೆ.

ನಾವಾದರೆ ಅರಮನೆಯಿಂದ ಕರೆ ಬಂತೆಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆವು. ಬಸವಣ್ಣ ಅತ್ತುಬಿಟ್ಟ. ನಿನ್ನನ್ನು ಬಿಟ್ಟು ನಾನು ಹೇಗೆ ಹೋಗಲಿ, ನನ್ನ ಮೇಲೆ ಯಾಕಿಷ್ಟು ಮುನಿಸು ಎಂದು ದೇವರ ಮುಂದೆ ಹಲುಬಿದ. ಕೊನೆಗೆ ದೇವರೇ ನಿನ್ನ ಸಂಗಡ ನಾನೂ ಬರುತ್ತೇನೆ ಎಂದು ಸಮಾಧಾನ ಮಾಡಬೇಕಾಯಿತು. ನಂದಿಯ ಬಾಯಿಂದ ಬಂದ ಲಿಂಗವನ್ನು ಅಂಗೈಯಲ್ಲಿ ಹಿಡಿದ ಮೇಲೆಯೇ ಅವನು ಹೊರಟದ್ದು.

ಮಂಗಳವಾಡ ಎಂದರೆ ಇಂದಿನ ಮಂಗಳವೇಢೆ, ಈಗ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿದೆ. ಬಿಜ್ಜಳ ಮೊದಲು ಚಾಲುಕ್ಯರ ಸಾಮಂತನಾಗಿ ಅಲ್ಲಿದ್ದವನು. 12ನೇ ಶತಮಾನದ ನಡುವಿನಲ್ಲಿ ಕಲ್ಯಾಣದ ಸಿಂಹಾಸನವನ್ನೇ ಹಿಡಿದ. ಹರಿಹರನ ಕಥೆ ಮಂಗಳವಾಡದಲ್ಲಿ ನಡೆದರೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ ಮತ್ತು ಅದನ್ನು ಅನುಸರಿಸಿ ಭೀಮಕವಿ 1369ರಲ್ಲಿ ಮುಗಿಸಿದ ಕನ್ನಡ ಬಸವಪುರಾಣ ನಮ್ಮನ್ನು ಕಲ್ಯಾಣಕ್ಕೇ ಕರೆತರುತ್ತವೆ. ಅಲ್ಲಿ ಬಸವಣ್ಣನ ಮಾವ ಬಲದೇವ ಬಿಜ್ಜಳನ ಮಂತ್ರಿ. ಅವನು ತೀರಿಕೊಂಡ ಮೇಲೆ ಆ ಜಾಗಕ್ಕೆ ತಕ್ಕವರು ಯಾರೆಂದು ಹುಡುಕಿ, ಸಂಗಮದಲ್ಲಿದ್ದ ಬಸವಣ್ಣನಿಗೆ ಅರಸನೇ ಹೇಳಿಕಳಿಸುತ್ತಾನೆ. ಎರಡೂ ಕಡೆ ಒಂದು ಸಂಗತಿ ಸಮ: ಬಸವಣ್ಣ ಹುದ್ದೆ ಕೇಳಿಕೊಂಡು ಹೋದವನಲ್ಲ.

ಮೊದಲ ದಿನವೇ ಲೆಕ್ಕದ ತಪ್ಪು

ಇನ್ನು ನನಗೆ ಬಹಳ ಇಷ್ಟವಾದ ಭಾಗ. ಮಂಗಳವಾಡಕ್ಕೆ ಬಂದ ಬಸವಣ್ಣ ನೇರ ಅರಸನ ಮುಂದೆ ಹೋಗಿ ನಿಲ್ಲುವುದಿಲ್ಲ. ಭಂಡಾರದ ಅಧಿಕಾರಿ ಸಿದ್ಧದಂಡಾಧಿಪನ ಕಚೇರಿಗೆ ಹೋಗಿ, ಲೆಕ್ಕ ಬರೆಯುವ ಕರಣಿಕರ ನಡುವೆ ಕೂರುತ್ತಾನೆ. ಅವರು ಲೆಕ್ಕ ಹಾಕುತ್ತಿದ್ದಾರೆ, ಒಂದು ಕಡೆ ತಪ್ಪುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಹೊಸದಾಗಿ ಬಂದ ಈ ಹುಡುಗ ನಕ್ಕು, ಇಲ್ಲಿ ತಪ್ಪಿದೆ ಎಂದು ತೋರಿಸುತ್ತಾನೆ. ಅಲ್ಲಿಂದ ಅವನ ನೌಕರಿ ಶುರು. ಸಿದ್ಧದಂಡಾಧಿಪ ತೀರಿಕೊಂಡ ಮೇಲೆ ಬಿಜ್ಜಳ ಆ ಅಧಿಕಾರವನ್ನು ಬಸವಣ್ಣನ ಕೈಗೆ ಕೊಡುತ್ತಾನೆ.

ಈ ಚಿಕ್ಕ ಘಟನೆ ಹರಿಹರನ ಕೈಯಲ್ಲಿ ಯಾಕಿಷ್ಟು ಜೀವಂತವಾಗಿದೆ? ನನಗನ್ನಿಸುವ ಕಾರಣ ಇದು. ಹರಿಹರನೂ ಹೊಯ್ಸಳರ ಆಸ್ಥಾನದಲ್ಲಿ ಕರಣಿಕನಾಗಿದ್ದ, ಆಮೇಲೆ ಆ ಕೆಲಸ ಬಿಟ್ಟು ಹಂಪೆಗೆ ಹೋಗಿ ವಿರೂಪಾಕ್ಷನ ಸನ್ನಿಧಿಯಲ್ಲಿ ನೆಲೆಸಿದ ಎಂದು ಅವನ ಬಗೆಗಿನ ಐತಿಹ್ಯ ಹೇಳುತ್ತದೆ. ಕಚೇರಿಯ ಒಳಗು ಅವನಿಗೆ ಗೊತ್ತಿತ್ತು. ಹತ್ತು ಜನ ಸುಮ್ಮನಿದ್ದಾಗ ಹೊಸಬನೊಬ್ಬ 'ಇದು ತಪ್ಪು' ಅನ್ನುವುದಕ್ಕೆ ಎಷ್ಟು ಗುಂಡಿಗೆ ಬೇಕು ಎಂಬುದೂ ಗೊತ್ತಿತ್ತು.

ಆ ಕಾಲದ ಬರವಣಿಗೆ ಬಹುಪಾಲು ಅರಸರನ್ನು ಹೊಗಳುವುದಕ್ಕೇ ಇತ್ತು. ನಮ್ಮ ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಗೆ ಹೋದರೆ ಗುಡಿಯ ಹೊರಗೋಡೆಯ ಮೇಲೆ ಬೆನ್ನು ತಿರುಗಿಸಿ ನಿಂತು ಬರೆಯುತ್ತಿರುವ ಸುಂದರ ಶಿಲಾಬಾಲಿಕೆ ಇದ್ದಾಳೆ. ಅವಳು ಬರೆಯುತ್ತಿರುವುದು ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆ. ಕಲ್ಲಿನ ಹೆಣ್ಣಿಗೂ ಅದೇ ಕೆಲಸ! ಅಂಥ ರಾಜ್ಯದ ಕಚೇರಿಯಲ್ಲಿ ಒಬ್ಬ ತರುಣ ಲೆಕ್ಕದ ತಪ್ಪು ತೋರಿಸಿ ಒಳಗೆ ಬಂದ.

ಮತ್ತೆ ನಮ್ಮ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಕೊನೆಗೆ ಅವಳು ಹೋಗಿ ಹಾಜರಾದಳು. ಮೊದಲ ದಿನ ಹಾರ, ಶಾಲು, ಫೋಟೊ. ಎರಡನೇ ದಿನ ಫೋನ್ ಮಾಡಿ, "ನಾ ಒಳಗ ಹೋದ್ರ ಅಪ್ಪನ ವಯಸ್ಸಿನವ್ರು ಎದ್ದು ನಿಂದರ್ತಾರ ಅತ್ತಿ, ಎಲ್ಲಿ ನೋಡ್ಬೇಕು ತಿಳೀವಲ್ತು" ಅಂದಳು. ಮೂರನೇ ದಿನ ಒಂದು ಬಿಲ್ಲು ಸಹಿಗೆ ಬಂತು. ಕೂಡಿದರೆ ಮೊತ್ತ ತಾಳೆ ಆಗುತ್ತಿಲ್ಲ. ಕೇಳಿದರೆ, "ಹ್ವಾದ ವರ್ಷಾನೂ ಹಿಂಗೇ ಇತ್ರೀ ಮೇಡಂ, ಹಿಂದಿನ ಸಾಹೇಬ್ರು ಸಹಿ ಮಾಡ್ಯಾರ" ಎಂಬ ಉತ್ತರ. ಅವಳು ಸಹಿ ಮಾಡಲಿಲ್ಲ. ಬೈಯಲೂ ಇಲ್ಲ. ರಸೀದಿಗಳನ್ನೆಲ್ಲ ತರಿಸಿ, ಗುಮಾಸ್ತರ ಜೊತೆ ಕೂತು ಒಂದೊಂದಾಗಿ ಕೂಡಿದಳು. ಸಂಜೆ ಆರೂವರೆಗೆ ಬಿಲ್ಲು ಹೊಸದಾಗಿ ಬರೆಯಲಾಯಿತು. ಮರುದಿನದಿಂದ ಇಬ್ಬರು ಅವಳ ಜೊತೆ ಮಾತು ಬಿಟ್ಟರು. ಅಟೆಂಡರ್ ಮಾತ್ರ ಕೇಳದೆಯೇ ಚಹಾ ತಂದಿಟ್ಟನಂತೆ.

"ಅಂಜಿಕಿ ಬರಲಿಲ್ಲೇನು?" ಅಂತ ಕೇಳಿದೆ. "ಕುರ್ಚಿ ಹೋದ್ರ ಹೋಗ್ಲಿ ಅಂತ ಮೊದಲೇ ಅಂದ್ಕೊಂಡಿದ್ದೆ ಅಲ್ಲಾ, ಅದಕ್ಕ ಅಷ್ಟು ಅಂಜಿಕಿ ಆಗಲಿಲ್ಲ" ಅಂದಳು.

ಈ ಮಾತು ಕೇಳಿದ ಮೇಲೆ ಬಸವಣ್ಣನ ಕಥೆ ನನಗೆ ಬೇರೆಯಾಗಿಯೇ ಕಂಡಿತು. ಹುದ್ದೆ ಬೇಡ ಅನ್ನುವುದರಲ್ಲೇ ದೊಡ್ಡತನ ಏನೂ ಇಲ್ಲ. ಸೋಮಾರಿಯೂ ಬೇಡ ಅನ್ನುತ್ತಾನೆ, ಹೆದರುಪುಕ್ಕನೂ ಬೇಡ ಅನ್ನುತ್ತಾನೆ. ಬೇಡ ಅನ್ನಿಸಿದರೂ ಹೋಗಿ ಕೂತವರಿಗೆ ಒಂದು ಅನುಕೂಲ ಉಂಟು: ಕುರ್ಚಿಯನ್ನು ಉಳಿಸಿಕೊಳ್ಳುವ ಚಿಂತೆ ಇಲ್ಲದ್ದರಿಂದ ತಪ್ಪನ್ನು ತಪ್ಪು ಅನ್ನಬಲ್ಲರು. ಎಷ್ಟೋ ಖರ್ಚು ಮಾಡಿ, ಎಷ್ಟೋ ಜನರ ಕಾಲು ಹಿಡಿದು ಬಂದವರಿಗೆ ಆ ಅನುಕೂಲ ಇರುವುದಿಲ್ಲ.

ಪೆಟ್ಟಿಗೆ ತೆರೆಯಿರಿ ಎಂದ ದಿನ

ಬಸವಣ್ಣನಿಗೂ ಮುಂದೆ ಹಾದಿ ಸುಗಮವಾಗಿರಲಿಲ್ಲ. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ಅರಸನ ಕಿವಿಯಲ್ಲಿ ಊದಿದವರಿದ್ದರು. ಬಿಜ್ಜಳ ಲೆಕ್ಕ ಒಪ್ಪಿಸು ಎಂದ. ಭಂಡಾರದ ಪೆಟ್ಟಿಗೆಗಳನ್ನು ತೆರೆದು ಎಣಿಸಿದರೆ ಹಣ ಸರಿಯಾಗಿತ್ತು. ಪುರಾಣಗಳು ಇದನ್ನು ಪವಾಡ ಎನ್ನುತ್ತವೆ. ನಾನು ಓದಿಕೊಳ್ಳುವುದು ಹೀಗೆ: ತನ್ನದು ಯಾವುದು, ಭಂಡಾರದ್ದು ಯಾವುದು ಎಂಬ ಗೆರೆಯನ್ನು ಮೊದಲ ದಿನದಿಂದಲೇ ಎಳೆದಿಟ್ಟುಕೊಂಡವನಿಗೆ ತಪಾಸಣೆಯ ದಿನ ಬೆವರುವುದಿಲ್ಲ.

ಇನ್ನೊಂದು ಕಡೆಯಿಂದ ಇನ್ನೊಂದು ಮೂದಲಿಕೆ. ಶಿವಭಕ್ತನಾಗಿ ಲಿಂಗವಿಲ್ಲದ ಬಿಜ್ಜಳನ ಸಿಂಹಾಸನದ ಕೆಳಗೆ ಕೂತು ಓಲೈಸುತ್ತೀಯಲ್ಲ ಎಂದು. ಅದಕ್ಕೆ ಬಸವಣ್ಣ ವಚನಗಳಲ್ಲೇ ಉತ್ತರ ಕೊಟ್ಟಿದ್ದಾನೆ. ದುಡಿಯುವುದು ಶರಣರ ದಾಸೋಹಕ್ಕೆ, ತನ್ನ ನಾಳೆಗೆಂದು ಕೂಡಿಡುವುದಕ್ಕಲ್ಲ ಎಂಬುದು ಆ ಉತ್ತರದ ತಿರುಳು. ಅತ್ತ ಅರಮನೆಯವರ ಅನುಮಾನ, ಇತ್ತ ನಮ್ಮವರದೇ ಚುಚ್ಚುಮಾತು. ಪ್ರಾಮಾಣಿಕವಾಗಿ ಕೆಲಸ ಮಾಡುವ ಯಾವ ನೌಕರನನ್ನು ಕೇಳಿದರೂ ಈ ಎರಡೂ ಗೊತ್ತು ಅಂತಾನೆ.

ಬಿಟ್ಟು ನಡೆದವರೂ ಇದ್ದಾರೆ

ಎಲ್ಲರೂ ಒಪ್ಪಿಕೊಂಡು ಕೂರಲೇಬೇಕು ಅಂತೇನಿಲ್ಲ. ಇದೇ ಮಣ್ಣಿನಲ್ಲಿ ಇನ್ನೊಂದು ಕಥೆ ಇದೆ. 1817ರಲ್ಲಿ ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳಿಗೂ ಕಲ್ಯಾಣದ ಆಡಳಿತದಲ್ಲಿ ಅಧಿಕಾರಿಯಾಗಿದ್ದ ಸೋದರಮಾವ ಇದ್ದರು. ತಂದೆಯಿಲ್ಲದ ಹುಡುಗ ದಾರಿಗೆ ಬರಲಿ ಎಂದು ಸುಂಕದ ಕೆಲಸಕ್ಕೆ ಹಚ್ಚಿದರೆಂದು ಪ್ರಭುಗಳ ಚರಿತ್ರೆ ಹೇಳುತ್ತದೆ. ಹುಡುಗನಿಗೆ ಅದು ಒಗ್ಗಲಿಲ್ಲ, ಬಿಟ್ಟು ಹೊರಟುಬಿಟ್ಟ. ಊರೂರು ತಿರುಗಿ ಕೊನೆಗೆ ನಮ್ಮ ಹುಮನಾಬಾದಿನ ಬಳಿ ನೆಲೆ ನಿಂತ. ಅದೇ ಇಂದಿನ ಮಾಣಿಕನಗರ. ಎಲ್ಲ ಮತವೂ ಸಮ್ಮತ ಎನ್ನುವ ಸಕಲಮತ ಸಂಪ್ರದಾಯ ಅಲ್ಲಿ ಬೆಳೆಯಿತು. ಹಿಂದೂ ಮುಸ್ಲಿಮರಿಬ್ಬರೂ ಅಲ್ಲಿಗೆ ನಡೆದುಕೊಳ್ಳುತ್ತಾರೆ.

ಒಬ್ಬ ಒಲ್ಲದ ಮನಸ್ಸಿನಿಂದ ಕೂತ, ಇನ್ನೊಬ್ಬ ಎದ್ದು ಹೋದ. ಇಬ್ಬರನ್ನೂ ಈ ನೆಲ ಮರೆತಿಲ್ಲ. ಮನೆಯಲ್ಲಿ ಯಾರಾದರೂ ಹೊಸ ಹುದ್ದೆಯ ಮುಂದೆ ಹಿಂದೆಮುಂದೆ ನೋಡುತ್ತಿದ್ದರೆ 'ಹುಚ್ಚೇನು ನಿನಗ' ಅಂತ ಬೈಯಬೇಡಿ. ಯಾಕೆ ಬೇಡ ಅನ್ನಿಸುತ್ತದೆ ಎಂದು ಕೂತು ಕೇಳಿ. ಕೆಲಸಕ್ಕೇ ಹೆದರಿಕೆಯೋ, ಕೆಲಸದಲ್ಲಿ ತಾನು ಕೆಟ್ಟುಹೋದೇನೆಂಬ ಹೆದರಿಕೆಯೋ? ಎರಡನೆಯದಾದರೆ, ಅಂಥವರೇ ಆ ಕುರ್ಚಿಗೆ ಬೇಕಾದವರು.

ಬಸವಣ್ಣನ ಅಧಿಕಾರ ಶಾಶ್ವತವಾಗಲಿಲ್ಲ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಗಿ ಕಲ್ಯಾಣ ಹೊತ್ತಿ ಉರಿಯಿತೆಂದು, ಬಸವಣ್ಣ ಎಲ್ಲ ಬಿಟ್ಟು ಸಂಗಮಕ್ಕೆ ಮರಳಿದನೆಂದು ಪರಂಪರೆ ಹೇಳುತ್ತದೆ. ಅಳುತ್ತಾ ಬಿಟ್ಟು ಬಂದ ಜಾಗಕ್ಕೇ ತಿರುಗಿ ಹೋದ. ಹೋಗುವಾಗ ಭಂಡಾರದ ಬೀಗದಕೈಗೆ ಅವನು ಜೋತುಬೀಳಲಿಲ್ಲ. ಆ ಬೀಗದಕೈ ತನ್ನದಲ್ಲ ಎಂಬುದನ್ನು ಅವನು ತೆಗೆದುಕೊಂಡ ದಿನದಿಂದಲೂ ಬಲ್ಲವನಾಗಿದ್ದ.